ಬೆನ್ನ ಮೇಲೆ ಬರೆದ ಚಿತ್ರಗಳು: ಚೀನೀ ಗಾಜಿನ ಫಲಕಗಳ ಕಥೆ

ಹಳೆಯ ಕಪಾಟಿನ ಬಾಗಿಲಿನಲ್ಲಿ, ನಿಲುಗನ್ನಡಿಯ ನೆತ್ತಿಯಲ್ಲಿ, ದಿವಾನಖಾನೆಯ ಗೋಡೆಯಲ್ಲಿ ಕೂರಿಸಿದ ಬಣ್ಣದ ಗಾಜಿನ ಚಿತ್ರಗಳನ್ನು ‘ಚೀನೀ ಗಾಜು’ ಎಂದು ಕರೆಯುವುದುಂಟು. ಈ ಹೆಸರು ಅರ್ಧ ಮಾತ್ರ ಸರಿ. ಚಿತ್ರ ಚೀನಾದ್ದು, ಗಾಜು ಬಹುಮಟ್ಟಿಗೆ ಯೂರೋಪಿನದು. ಕಾಂಗ್‌ಶಿ ಚಕ್ರವರ್ತಿಯು 1696ರಲ್ಲಿ ಬೀಜಿಂಗ್ ಅರಮನೆಯಲ್ಲಿ ಗಾಜಿನ ಕಾರ್ಯಾಗಾರವನ್ನು ತೆರೆಸಿದ್ದನಾದರೂ ಅಲ್ಲಿ ಹೆಚ್ಚಾಗಿ ಆಗುತ್ತಿದ್ದುದು ಬಟ್ಟಲು, ನಶ್ಯದ ಶೀಶೆಗಳಂಥವು. ಅಗಲವಾದ ತಿಳಿಗಾಜಿನ ಹಲಗೆಗಳು ಹಡಗಿನಲ್ಲಿ ಬರಬೇಕಾಗಿತ್ತು. ಅವುಗಳ ಮೇಲೆ ಬಣ್ಣ ಬರೆಯುವ ವಿದ್ಯೆಯೂ ಪಶ್ಚಿಮದಿಂದಲೇ ಬಂದಿತು. ಕ್ಯಾಸ್ಟಿಲಿಯೋನೆ ಎಂಬ ಇಟಲಿಯ ಚಿತ್ರಕಾರ ಬೀಜಿಂಗ್ ಆಸ್ಥಾನದಲ್ಲಿ ಗಾಜಿನ ಮೇಲೆ ಚಿತ್ರ ಬರೆದನು. ಬಳಿಕ ಅದನ್ನು ದೊಡ್ಡ ಕಸುಬಾಗಿ ಬೆಳೆಸಿದವರು ಕ್ಯಾಂಟನ್ ಪಟ್ಟಣದ ಕುಶಲಕರ್ಮಿಗಳು. 1757ರಿಂದ 1842ರವರೆಗೆ ಪಾಶ್ಚಾತ್ಯ ವರ್ತಕರಿಗೆ ಚೀನಾದಲ್ಲಿ ತೆರೆದಿದ್ದ ಬಂದರು ಅದೊಂದೇ.

ಈ ಕೆಲಸದ ಕ್ರಮ ಅಚ್ಚರಿ ಹುಟ್ಟಿಸುವಂಥದು. ಚಿತ್ರವನ್ನು ಗಾಜಿನ ಬೆನ್ನ ಮೇಲೆ ಬರೆಯುತ್ತಾರೆ, ನಾವು ಮುಂದಿನಿಂದ ನೋಡುತ್ತೇವೆ. ಆದುದರಿಂದ ಕಾಗದದ ಮೇಲೆ ಕೊನೆಗೆ ಬರಬೇಕಾದುದು ಇಲ್ಲಿ ಮೊದಲೇ ಬರಬೇಕು: ಕಣ್ಣಿನ ಪಾಪೆ, ತುಟಿಯ ಗೆರೆ, ಆಭರಣದ ಚುಕ್ಕೆ. ಅನಂತರ ಮೈಬಣ್ಣ, ಉಡುಪು. ಎಲ್ಲಕ್ಕೂ ಕಡೆಗೆ ಆಕಾಶ. ಎಡ ಬಲವಾಗುತ್ತದೆ. ಒಮ್ಮೆ ಮೈಬಣ್ಣ ಬಳಿದ ಮೇಲೆ ಕಣ್ಣನ್ನು ತಿದ್ದುವಂತಿಲ್ಲ. ಕನ್ನಡಿಯ ಮೇಲೆ ಬರೆಯುವಾಗ ಬೆನ್ನಿನ ತವರ–ಪಾದರಸದ ಲೇಪವನ್ನು ಆಕೃತಿಗೆ ತಕ್ಕಷ್ಟೇ ಕೆರೆದು, ಅಷ್ಟು ಜಾಗದಲ್ಲಿ ಬಣ್ಣ ತುಂಬುತ್ತಿದ್ದರು. ಹೂವಿನ ಮಗ್ಗುಲಲ್ಲೇ ನೋಡುವವನ ಮುಖವೂ ಕಾಣುವ ಸೊಗಸು ಅದು.

ಮುಂಬಯಿಯಿಂದ ಕ್ಯಾಂಟನ್ನಿಗೆ ಹತ್ತಿ ಮತ್ತು ಅಫೀಮು ಹೋಗುತ್ತಿದ್ದವು. ಅಲ್ಲಿಂದ ಚಹಾ, ರೇಷ್ಮೆ, ಪಿಂಗಾಣಿಗಳೊಡನೆ ಈ ಚಿತ್ರಗಳೂ ಬರುತ್ತಿದ್ದವು. ಈ ಹೊಳಪಿನ ಹಿಂದೆ ಅಫೀಮಿನ ವ್ಯಾಪಾರವಿತ್ತೆಂಬುದನ್ನು ಮರೆಮಾಚುವಂತಿಲ್ಲ. ಭಾರತದ ಗಿರಾಕಿಗಳಿಗಾಗಿ ಚೀನೀ ಚಿತ್ರಕಾರರು ಇಲ್ಲಿನ ವಿಷಯಗಳನ್ನೂ ಬರೆದರು. ಕ್ರಮೇಣ ನಮ್ಮವರ ಕೈಗೂ ಆ ವಿದ್ಯೆ ಹತ್ತಿತು. ಮೈಸೂರು, ತಂಜಾವೂರುಗಳ ಚಿತ್ರಕಾರರು ಗಾಜಿನ ಬೆನ್ನಿಗೆ ಕೃಷ್ಣನನ್ನೂ ಲಕ್ಷ್ಮಿಯನ್ನೂ ಬರೆದು ದೇವರ ಕೋಣೆಗೆ ಒದಗಿಸಿದರು.

ಪಸ್ತಾಪುರದ ನಮಗೆ ಇದು ದೂರದ ಕಥೆಯೆನಿಸಬೇಕಾಗಿಲ್ಲ. ಗೋಡೆಗೆ ಹೊಳಪು ಕೂರಿಸುವ ಆಸೆ ಈ ಸೀಮೆಗೆ ಹಳೆಯದು. ಬೀದರಿನಲ್ಲಿ 1472ರ ಮಹಮೂದ್ ಗವಾನನ ಮದರಸಾಕ್ಕೆ ಪಾರಸಿಕ ರೀತಿಯ ಬಣ್ಣದ ಹೆಂಚುಗಳ ಹೊದಿಕೆಯಿತ್ತು. ಅದರ ತುಣುಕುಗಳು ಇಂದಿಗೂ ಮಿನುಗುತ್ತವೆ. ಮುಂದಿನ ಶತಮಾನದಲ್ಲಿ ಅಲಿ ಬರೀದ್ ಶಾಹನ ರಂಗೀನ್ ಮಹಲಿನಲ್ಲಿ ಕಪ್ಪು ಕಲ್ಲನ್ನು ಕೊರೆದು ಮುತ್ತಿನ ಚಿಪ್ಪನ್ನು ಕೂರಿಸಿದರು. ಹೈದರಾಬಾದಿನ ದಿವಾನ್ ದೇವಡಿಯಲ್ಲಿ ಐನಾಖಾನಾ, ಚೀನಿಖಾನಾ ಎಂಬ ಹೆಸರಿನ ಕಟ್ಟಡಗಳೇ ಇದ್ದವು. ಮೂರನೆಯ ಸಾಲಾರ್ ಜಂಗರ ಸಂಗ್ರಹ 1951ರಲ್ಲಿ ವಸ್ತುಸಂಗ್ರಹಾಲಯವಾಗಿ ತೆರೆದುದು ಆ ದೇವಡಿಯಲ್ಲಿಯೇ. ಚೀನಾದ ಪಿಂಗಾಣಿ, ಪೀಠೋಪಕರಣಗಳನ್ನು ನಮ್ಮ ಮಕ್ಕಳು ಇಂದಿಗೂ ಆ ಸಂಗ್ರಹಾಲಯದಲ್ಲಿ ಕಾಣಬಹುದು. 1956ರವರೆಗೆ ಜಹೀರಾಬಾದ್, ನಾರಾಯಣಖೇಡಗಳು ಬೀದರ ಜಿಲ್ಲೆಗೆ, ತಾಂಡೂರು ಗುಲಬರ್ಗಾ ಜಿಲ್ಲೆಗೆ ಸೇರಿದ್ದವು. ಗಡಿಗಳು ಬದಲಾದುವು; ಮನೆಗಳ ಸಾಮಾನುಗಳಿಗೆ ಆ ಗಡಿ ಗೊತ್ತಿರಲಿಲ್ಲ.

ಹಳೆಯ ಮನೆಗಳನ್ನು ಕೆಡವುವಾಗ ಮರ ಒಬ್ಬನಿಗೆ, ಗಾಜು ಇನ್ನೊಬ್ಬನಿಗೆ ಮಾರಾಟವಾಗುತ್ತದೆ. ಚೌಕಟ್ಟಿನಿಂದ ಬೇರ್ಪಟ್ಟ ಫಲಕ ಯಾವ ಮನೆಯದು, ಯಾವ ಬಾಗಿಲಿನದು ಎಂಬುದು ಅಲ್ಲಿಗೆ ಅಳಿಸಿಹೋಗುತ್ತದೆ. ಇನ್ನೊಂದು ಅಪಾಯ ಮನೆಯೊಳಗಿನದೇ. ಈ ಬಣ್ಣವನ್ನು ಬೆಂಕಿಯಲ್ಲಿ ಸುಟ್ಟು ಗಾಜಿಗೆ ಬೆಸೆದಿರುವುದಿಲ್ಲ; ನಯವಾದ ಮೈಗೆ ಅದು ಸುಮ್ಮನೆ ಅಂಟಿಕೊಂಡಿರುತ್ತದೆ. ಹಬ್ಬಕ್ಕೆಂದು ಹಿಂಬದಿಯನ್ನು ಒದ್ದೆಬಟ್ಟೆಯಿಂದ ಒರೆಸಿದರೆ ಇನ್ನೂರು ವರ್ಷದ ಮುಖ ಬಟ್ಟೆಗೆ ಬರುತ್ತದೆ. ಬೆನ್ನಿಗಿರುವ ಹಲಗೆಯನ್ನು ಹುಳುಕೆಂದು ಕಿತ್ತೆಸೆಯಬಾರದು, ಚಿತ್ರಕ್ಕೆ ಕಾವಲು ಅದೇ. ಅನಿವಾರ್ಯವಾಗಿ ಫಲಕವನ್ನು ಬಿಚ್ಚಬೇಕಾದರೆ ಮೊದಲು ಅದು ಇದ್ದ ಜಾಗದಲ್ಲಿಯೇ ಛಾಯಾಚಿತ್ರ ತೆಗೆದು, ಮನೆಯ ಹಿರಿಯರು ಹೇಳುವ ವಿವರವನ್ನು ಬರೆದಿಟ್ಟುಕೊಂಡು, ಗಾಜಿನ ಬದಿ ಕೆಳಗೂ ಬಣ್ಣದ ಬದಿ ಮೇಲೂ ಇರುವಂತೆ ಮೆತ್ತಗಿನ ಹಾಸಿನ ಮೇಲೆ ಮಲಗಿಸಬೇಕು. ಉದುರಿದ ಬಣ್ಣದ ಚೂರುಗಳನ್ನು ಕಾಗದದ ಪೊಟ್ಟಣದಲ್ಲಿ ಕಟ್ಟಿ ಅದರ ಜೊತೆಗೇ ಇಡಬೇಕು.