ಕಲ್ಯಾಣದ ಕತೆಗೆ ಸ್ವರ ಕೂಡಿಸಿದವರು

ಹುಮನಾಬಾದ್–ಬಸವಕಲ್ಯಾಣ ಸೀಮೆಗೆ ಸಂಗೀತ ಹೊರಗಿನಿಂದ ಬಂದದ್ದಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೇ ಶತಮಾನದ ಆರಂಭದಲ್ಲಿ ಬರೆದ ‘ಮಾನಸೋಲ್ಲಾಸ’ದಲ್ಲಿ ಗೀತ, ವಾದ್ಯ, ನೃತ್ಯಗಳಿಗೆ ವಿಸ್ತಾರವಾದ ಭಾಗಗಳಿವೆ. ಆಸ್ಥಾನದ ಗಾಯನದ ಜೊತೆಗೆ, ಧಾನ್ಯ ಕುಟ್ಟುವ ಹೆಂಗಸರ ಓವಿಯನ್ನೂ ಅವನು ಮರೆಯಲಿಲ್ಲ. ಮಗ ಜಗದೇಕಮಲ್ಲ ‘ಸಂಗೀತ ಚೂಡಾಮಣಿ’ ರಚಿಸಿದ. ಕೆಲವೇ ದಶಕಗಳಲ್ಲಿ ಅದೇ ಕಲ್ಯಾಣದಲ್ಲಿ ವಚನ ಚಳವಳಿ ಮೇಲೆದ್ದಿತು.

ಆ ಕತೆ ಬೆಳ್ಳಿತೆರೆಗೆ ಬಂದಾಗಲೆಲ್ಲ ಸಂಗೀತ ನಿರ್ದೇಶಕರಿಗೆ ಒಂದೇ ಪರೀಕ್ಷೆ. ವಚನಕ್ಕೆ ಸಿದ್ಧ ಛಂದಸ್ಸಿಲ್ಲ. ಒಂದು ಸಾಲು ಮೂರು ಮಾತಿಗೆ ಮುಗಿದರೆ ಮುಂದಿನದು ಹತ್ತಕ್ಕೆ ಹರಿಯುತ್ತದೆ. ಕೊನೆಗೆ ಅಂಕಿತ ಬರಲೇಬೇಕು. ಸಿನಿಮಾ ಹಾಡಿಗೋ ಪಲ್ಲವಿ ಬೇಕು, ಚರಣ ಬೇಕು, ತಾಳದ ಆವರ್ತ ತುಂಬಬೇಕು. ಮೊದಲ ಸಾಲನ್ನೇ ಪಲ್ಲವಿಯಾಗಿ ಮರಳಿ ತರುವುದು ಒಂದು ದಾರಿ. ತಾಳ ಬಿಟ್ಟು, ಶ್ರುತಿಯೊಂದನ್ನೇ ಹಿಡಿದು, ಮಾತಿನ ನಡೆಗೇ ರಾಗ ಬಿಡಿಸುವುದು ಇನ್ನೊಂದು. ಮಲ್ಲಿಕಾರ್ಜುನ ಮನಸೂರ, ಸಿದ್ಧರಾಮ ಜಂಬಲದಿನ್ನಿ ಅವರಂಥ ಗಾಯಕರು ಹಿಂದೂಸ್ತಾನಿ ರಾಗಗಳಲ್ಲಿ ವಚನ ಹಾಡಿ, ಕೇಳುವ ಕಿವಿಗಳನ್ನು ಹದಗೊಳಿಸಿದ್ದರು.

1959ರ ‘ಜಗಜ್ಯೋತಿ ಬಸವೇಶ್ವರ’ಕ್ಕೆ ಜಿ.ಕೆ. ವೆಂಕಟೇಶ್, 1983ರ ‘ಕ್ರಾಂತಿಯೋಗಿ ಬಸವಣ್ಣ’ಕ್ಕೆ ಎಂ. ರಂಗರಾವ್ ಸಂಗೀತ ನೀಡಿದರು. ಮಾತೇ ಮುಂದೆ, ವಾದ್ಯ ಹಿಂದೆ ಎಂಬ ಹಾದಿಯನ್ನು ತೆರೆಗೆ ಗಟ್ಟಿಯಾಗಿ ತಂದವರು ಸಿ. ಅಶ್ವಥ್. 1990ರ ‘ಸಂತ ಶಿಶುನಾಳ ಶರೀಫ’ ಚಿತ್ರದ ತತ್ವಪದಗಳಲ್ಲಿ ಪದದ ಒಂದಕ್ಷರವೂ ವಾದ್ಯದ ಅಬ್ಬರದಲ್ಲಿ ಮುಳುಗುವುದಿಲ್ಲ. ಮುಂದೆ ಕಿರುತೆರೆಯ ಧಾರಾವಾಹಿಗಳ ಶೀರ್ಷಿಕೆ ಗೀತೆಗಳಿಗೂ ಅವರು ಅದೇ ಭಾವಗೀತೆಯ ಹದ ತಂದರು. ಮನೆಮನೆಯಲ್ಲಿ ಜನ ಅವನ್ನು ಗುನುಗಿದರು.

‘ಶರೀಫ’ ನಿರ್ದೇಶಿಸಿದ ಟಿ.ಎಸ್. ನಾಗಾಭರಣರೇ 2017ರಲ್ಲಿ ‘ಅಲ್ಲಮ’ ತಂದರು. ಧನಂಜಯ ಅಲ್ಲಮನಾದರು. ಸಂಗೀತದ ಹೊಣೆ ಹೊತ್ತವರು ಕೊಳಲುವಾದಕ ಬಾಪು ಪದ್ಮನಾಭ. ಇಲ್ಲಿನ ನಾಯಕನೇ ಮದ್ದಳೆಗಾರ. ನಟನ ಕೈ ಚರ್ಮದ ಮೇಲೆ ಬೀಳುವ ಗಳಿಗೆಗೂ ನಾವು ಕೇಳುವ ಪೆಟ್ಟಿಗೂ ಕೂದಲೆಳೆಯ ಅಂತರ ಬಂದರೂ ಪ್ರೇಕ್ಷಕನ ನಂಬಿಕೆ ಕದಲುತ್ತದೆ. ಮದ್ದಳೆಯ ನಾದದಿಂದ ಶೂನ್ಯಸಿಂಹಾಸನದವರೆಗೆ ನಡೆದ ಬದುಕಿನಲ್ಲಿ ಎಲ್ಲಿ ನುಡಿಸಬೇಕು ಎಂಬುದಕ್ಕಿಂತ ಎಲ್ಲಿ ನಿಲ್ಲಿಸಬೇಕು ಎಂಬುದೇ ಕಠಿಣ. ಆ ಕೆಲಸಕ್ಕೆ ಬಾಪು ಪದ್ಮನಾಭರಿಗೆ ಸಂಗೀತ ನಿರ್ದೇಶನದ ರಾಷ್ಟ್ರಪ್ರಶಸ್ತಿ ಬಂತು. ಅದು ತಕ್ಕ ಗೌರವ.

ಆದರೂ ಒಂದು ಕೊರತೆ ಉಳಿದೇ ಇದೆ. ಕಲ್ಯಾಣದ ಕತೆಗೆ ಸ್ವರ ಕೂಡಿದ್ದು ಮದರಾಸು, ಬೆಂಗಳೂರಿನ ಸ್ಟುಡಿಯೊಗಳ ಕಡೆಯಿಂದ. ಈ ನೆಲದ ದನಿ ತೆರೆಯ ಮೇಲೆ ಸಾಕಷ್ಟು ಕೇಳಿಲ್ಲ. ಬಸವಕಲ್ಯಾಣದ ಬಳಿಯ ಲಾಡವಂತಿಯಲ್ಲಿ 1817ರಲ್ಲಿ ಹುಟ್ಟಿದ ಮಾಣಿಕಪ್ರಭುಗಳು ಕನ್ನಡ, ಮರಾಠಿ, ಹಿಂದಿಗಳಲ್ಲಿ ಪದ ಕಟ್ಟಿದವರು. ಹುಮನಾಬಾದಿನ ಮಾಣಿಕನಗರದಲ್ಲಿ ದತ್ತ ಜಯಂತಿಗೆ ಇಂದಿಗೂ ಸಂಗೀತ ದರ್ಬಾರು ನಡೆಯುತ್ತದೆ. ಬೀದರ ಸೀಮೆಯ ಹೆಂಗಸರಲ್ಲಿ ಬುಲಾಯಿ ಎಂಬ ಜನಪದ ಹಾಡುಗಳಿವೆ.

ಕಲ್ಯಾಣದ ಮೇಲೆ ಮುಂದೆ ಸಿನಿಮಾನೋ ಧಾರಾವಾಹಿನೋ ಮಾಡುವ ಸಂಗೀತ ನಿರ್ದೇಶಕರು ಧ್ವನಿಮುದ್ರಣಕ್ಕೆ ಕೂರುವ ಮೊದಲು ದತ್ತ ಜಯಂತಿ ಬರುವ ಒಂದು ಮಾರ್ಗಶಿರದಲ್ಲಾದರೂ ಇಲ್ಲಿಗೆ ಬಂದು ಕೇಳಲಿ.