ನಿರ್ದೋಷಿಗೆ ಬಸ್ ಚಾರ್ಜ್ ಕೊಡೋರು ಯಾರು?

ವೀಕ್ಷಕರೇ, ಮೊನ್ನೆ ಶಿವಮೊಗ್ಗಕ್ಕೆ ಹೋಗಿದ್ದೆ. ಕೋಟೆ ಆಂಜನೇಯನಿಗೆ ಕೈ ಮುಗಿದು, ಶಿವಪ್ಪ ನಾಯಕನ ಅರಮನೆ ನೋಡಿಕೊಂಡು, ಹಳೇ ಜೈಲಿನ ಮೈದಾನಕ್ಕೆ ಬಂದೆ. ಜೈಲು ಈಗ ಊರಾಚೆ ಸೋಗಾನೆಯಲ್ಲಿದೆ. ಹಳೇ ಜಾಗ ಫ್ರೀಡಂ ಪಾರ್ಕ್ ಆಗಿದೆ, ಅಲ್ಲಮಪ್ರಭುವಿನ ಹೆಸರು ಇಟ್ಟಿದ್ದಾರೆ. 2024ರ ಜನವರಿ 12ರಂದು ಯುವನಿಧಿ ಯೋಜನೆಗೆ ಚಾಲನೆ ಸಿಕ್ಕಿದ್ದು ಇದೇ ಮೈದಾನದಲ್ಲಿ. ಜೈಲಿಗೇನೋ ಒಳ್ಳೇ ಪುನರ್ವಸತಿ ಆಯ್ತು. ಜೈಲಿನೊಳಗೆ ತಪ್ಪು ಮಾಡದೇ ಕೂತವನ ಗತಿ ಏನು? ಇವತ್ತು ಆ ಲೆಕ್ಕ ಕೇಳೋಣ.

ಈ ಜಿಲ್ಲೆಯವರಿಗೆ ಈಸೂರಿನ ಕಥೆ ನಾನು ಹೇಳಬೇಕಾಗಿಲ್ಲ. 1942ರಲ್ಲಿ ಶಿಕಾರಿಪುರ ತಾಲ್ಲೂಕಿನ ಆ ಪುಟ್ಟ ಹಳ್ಳಿ ತಾನು ಸ್ವತಂತ್ರ ಅಂತ ಸಾರಿತು. 1943ರ ಮಾರ್ಚ್‌ನಲ್ಲಿ ಐದು ಜನರನ್ನು ಗಲ್ಲಿಗೇರಿಸಿದರು. ಹೆಣ್ಣುಮಕ್ಕಳೂ ಸೇರಿ ಹಲವರು ಜೈಲು ಸೇರಿದರು. ಅವತ್ತಿನ ಕಾಗದಪತ್ರದಲ್ಲಿ ಅವರು ಅಪರಾಧಿಗಳು. ಸ್ವಾತಂತ್ರ್ಯ ಬಂತು, ಅವರೇ ಹೋರಾಟಗಾರರಾದರು. 1972ರ ಆಗಸ್ಟ್ 15ರಿಂದ ಕೇಂದ್ರ ಸರ್ಕಾರ ಹೋರಾಟಗಾರರಿಗೆ ಪಿಂಚಣಿ ಶುರು ಮಾಡಿತು. ಸಾಮಾನ್ಯ ಅರ್ಹತೆ ಏನು ಗೊತ್ತಾ? ಕನಿಷ್ಠ ಆರು ತಿಂಗಳ ಜೈಲುವಾಸ. ಅಂದರೆ ಜೈಲಿನ ತಿಂಗಳುಗಳನ್ನು ಎಣಿಸಿ ದುಡ್ಡು ಕೊಡೋದು ಹೇಗೆ ಅಂತ ಈ ದೇಶಕ್ಕೆ ಚೆನ್ನಾಗಿ ಗೊತ್ತಿತ್ತು. ಹೋರಾಟಗಾರನನ್ನೂ ತಪ್ಪಾಗಿ ಶಿಕ್ಷೆಗೊಳಗಾದವನನ್ನೂ ನಾನು ಒಂದೇ ತಕ್ಕಡಿಗೆ ಹಾಕ್ತಿಲ್ಲ. ಎಣಿಸೋ ವಿದ್ಯೆ ಇತ್ತು ಅಂತ ಹೇಳ್ತಿದ್ದೀನಿ, ಅಷ್ಟೇ.

ಈಗ ಕಲಬುರಗಿಗೆ ಬನ್ನಿ. 1994ರ ಜನವರಿ. ಒಬ್ಬ ಫಾರ್ಮಸಿ ವಿದ್ಯಾರ್ಥಿಯನ್ನು ಪೊಲೀಸರು ಎತ್ತಿಕೊಂಡು ಹೋದರು. ವಯಸ್ಸು ಇಪ್ಪತ್ತರ ಆಸುಪಾಸು. 1993ರ ಡಿಸೆಂಬರ್‌ನ ರೈಲು ಸ್ಫೋಟಗಳ ಆರೋಪ, ಟಾಡಾ ಕಾಯ್ದೆ. ಮುಖ್ಯ ಸಾಕ್ಷ್ಯ ಅಂದ್ರೆ ಪೊಲೀಸ್ ವಶದಲ್ಲಿ ಬರೆಸಿಕೊಂಡ ತಪ್ಪೊಪ್ಪಿಗೆ. 2004ರಲ್ಲಿ ಅಜ್ಮೀರ್‌ನ ಟಾಡಾ ಕೋರ್ಟ್ ಜೀವಾವಧಿ ಶಿಕ್ಷೆ ಕೊಟ್ಟಿತು. 2016ರ ಮೇ 11ರಂದು ಸುಪ್ರೀಂ ಕೋರ್ಟ್ ಆ ಶಿಕ್ಷೆಯನ್ನು ರದ್ದು ಮಾಡಿತು. ಇಪ್ಪತ್ತೆರಡು ವರ್ಷ, ನಾಲ್ಕು ತಿಂಗಳು! ಅವನ ಅಣ್ಣನೂ ಅದೇ ಕೇಸಿನಲ್ಲಿ ಶಿಕ್ಷೆ ಅನುಭವಿಸಿದ, ಕ್ಯಾನ್ಸರ್ ಬಂದ ಮೇಲೆ ಹೊರಗೆ ಬಿಟ್ಟರು. ಮಕ್ಕಳಿಗಾಗಿ ಕೋರ್ಟಿಗೆ ಅಲೆದ ಅಪ್ಪ 2006ರಲ್ಲೇ ತೀರಿಕೊಂಡಿದ್ದರು. ಹೆಸರು ನಾನು ಹೇಳಲ್ಲ. ಅವನ ಹೆಸರನ್ನು ಟಿವಿಗಳು ಬೇಕಾದಷ್ಟು ಸಲ ಕೂಗಿವೆ.

ಅವನು ಬಿಟ್ಟು ಹೋದ ಊರು ಗುಲ್ಬರ್ಗ, ವಾಪಸ್ ಬಂದ ಊರು ಕಲಬುರಗಿ. 2014ರ ನವೆಂಬರ್ 1ರಂದು ಹೆಸರೇ ಬದಲಾಗಿತ್ತು. ಅದೇ ದಿನ ಶಿಮೊಗ್ಗ ಶಿವಮೊಗ್ಗ ಆಯ್ತಲ್ಲ, ಹಾಗೆ. ಭದ್ರಾವತಿಯವರು ಒಂದು ನಿಮಿಷ ಕಣ್ಣು ಮುಚ್ಚಿ ಯೋಚನೆ ಮಾಡಿ. 1994ರಲ್ಲಿ ನಿಮ್ಮ ಮನೆ ಹುಡುಗ ಜೈಲಿಗೆ ಹೋದ. ಆಗ ಎಂಪಿಎಂ ಕಾಗದ ತಯಾರಿಸ್ತಿತ್ತು, ಅಪ್ಪ ಶಿಫ್ಟಿಗೆ ಹೋಗ್ತಿದ್ದರು. 2016ರಲ್ಲಿ ವಾಪಸ್ ಬಂದ. ಕಾರ್ಖಾನೆ ನಿಂತಿದೆ, ಅಪ್ಪ ಇಲ್ಲ, ಕ್ಲಾಸ್‌ಮೇಟ್‌ಗಳ ಮಕ್ಕಳು ಕಾಲೇಜಿಗೆ ಹೋಗ್ತಿದ್ದಾರೆ. ಎಲ್ಲರ ಕೈಯಲ್ಲೂ ಮೊಬೈಲು. ಏನೇ ಕೇಳಿದ್ರೂ ಆಧಾರ್ ತಗೊಂಡು ಬಾ ಅಂತಾರೆ. ಕೆಲಸ ಕೇಳಿದ್ರೆ, ಇಷ್ಟು ವರ್ಷ ಎಲ್ಲಿದ್ದೆ ಅಂತಾರೆ. ಏನು ಹೇಳ್ತಾನೆ? ಖುಲಾಸೆಯ ಆದೇಶದಲ್ಲಿ ಇದಕ್ಕೆಲ್ಲ ಉತ್ತರ ಇರಲ್ಲ.

ಪರಿಹಾರ ಇಲ್ವಾ ಅಂತ ಕೇಳ್ತೀರಿ. ದಾರಿ ತೋರಿಸಿದ್ದು ಸುಪ್ರೀಂ ಕೋರ್ಟೇ. ಬಿಹಾರದ ರುದುಲ್ ಸಾಹ್ 1968ರಲ್ಲಿ ಖುಲಾಸೆ ಆದ, ಆದರೆ ಜೈಲಿನಿಂದ ಹೊರಗೆ ಬಂದಿದ್ದು 1982ರಲ್ಲಿ. 1983ರಲ್ಲಿ ನ್ಯಾಯಾಲಯ ಅವನಿಗೆ ಕೊಡಿಸಿದ್ದು 35 ಸಾವಿರ ರೂಪಾಯಿ. ಅವತ್ತಿನಿಂದ ಇವತ್ತಿನವರೆಗೆ ಹೀಗೇ: ಕೋರ್ಟಿಗೆ ಹೋದವನಿಗೆ, ಕೋರ್ಟಿಗೆ ಅನ್ನಿಸಿದಷ್ಟು. ಇಂತಿಷ್ಟು ವರ್ಷಕ್ಕೆ ಇಂತಿಷ್ಟು ಅನ್ನೋ ಕಾನೂನು ಇಲ್ಲ. 2018ರ ಆಗಸ್ಟ್‌ನಲ್ಲಿ ಕಾನೂನು ಆಯೋಗ ತನ್ನ 277ನೇ ವರದಿಯಲ್ಲಿ ಇದಕ್ಕೇ ಪ್ರತ್ಯೇಕ ವಿಶೇಷ ನ್ಯಾಯಾಲಯ ಬೇಕು ಅಂತು. ದುಡ್ಡು ಮಾತ್ರ ಸಾಲದು, ಕೌನ್ಸೆಲಿಂಗ್, ಕೆಲಸದ ತರಬೇತಿ ಕೊಡಿ ಅಂತಲೂ ಹೇಳಿತು. 2024ರ ಜುಲೈ 1ಕ್ಕೆ ಹೊಸ ನಾಗರಿಕ ಸುರಕ್ಷಾ ಸಂಹಿತೆ ಜಾರಿಗೆ ಬಂತು. ಆ ಶಿಫಾರಸು ಅದರಲ್ಲಿ ಇಲ್ಲ. ಏನಿದೆ ಗೊತ್ತಾ? ಕಾರಣವಿಲ್ಲದೆ ಒಬ್ಬನನ್ನು ಬಂಧಿಸುವಂತೆ ಮಾಡಿದವರಿಂದ ಕೊಡಿಸಬಹುದಾದ ಪರಿಹಾರ ಹಳೇ ಕಾಯ್ದೆಯಲ್ಲೂ ಗರಿಷ್ಠ ಒಂದು ಸಾವಿರ, ಹೊಸದರಲ್ಲೂ ಒಂದು ಸಾವಿರ!

ಅಮೆರಿಕದ ಫೆಡರಲ್ ಕಾನೂನು 2004ರಿಂದ ಜೈಲಿನ ಒಂದೊಂದು ವರ್ಷಕ್ಕೂ 50 ಸಾವಿರ ಡಾಲರ್‌ವರೆಗೆ ಲೆಕ್ಕ ಹಾಕುತ್ತೆ. ಹಾಗಂತ ಹೊರದೇಶದವರೆಲ್ಲ ಸಂತರು ಅಂದುಕೊಳ್ಳಬೇಡಿ. ಬ್ರಿಟನ್‌ನಲ್ಲಿ ಪರಿಹಾರದ ಹಣದಿಂದ ಜೈಲಿನ ಊಟ, ವಸತಿಯ ಖರ್ಚು ಕಳೆಯೋ ಪದ್ಧತಿ ಇತ್ತು. ಹದಿನೇಳು ವರ್ಷ ಸುಮ್ಮಸುಮ್ಮನೆ ಒಳಗಿದ್ದ ಆಂಡ್ರ್ಯೂ ಮಾಲ್ಕಿನ್ಸನ್ ಪ್ರಕರಣದಲ್ಲಿ ಗಲಾಟೆ ಆದ ಮೇಲೆ, 2023ರಲ್ಲಿ ಅದನ್ನು ಕೈಬಿಟ್ಟರು.

ನಮ್ಮ ಪಕ್ಕದಲ್ಲೇ ನೋಡಿ. ಕುಶಾಲನಗರ ಕಡೆಯ ಒಬ್ಬ ಬುಡಕಟ್ಟು ಕೂಲಿಕಾರನನ್ನು ಹೆಂಡತಿಯನ್ನು ಕೊಂದ ಅಂತ ಜೈಲಿಗೆ ಹಾಕಿದರು. ಅವನಿಗೆ ಶಿಕ್ಷೆ ಆಗಿರಲಿಲ್ಲ, ವಿಚಾರಣೆ ನಡೀತಿತ್ತು. 2025ರ ಏಪ್ರಿಲ್‌ನಲ್ಲಿ ಆ ಹೆಂಡತಿ ಮಡಿಕೇರಿಯ ಹೋಟೆಲಿನಲ್ಲಿ ಜೀವಂತ ಕಾಣಿಸಿದಳು! ಮೈಸೂರಿನ ಕೋರ್ಟ್ ಅವನನ್ನು ಖುಲಾಸೆ ಮಾಡಿ, ಒಂದು ಲಕ್ಷ ಕೊಡಿ ಅಂತ ಗೃಹ ಇಲಾಖೆಗೆ ಹೇಳಿತು. ಅವನನ್ನು ಹಿಡಿದ ದಿನ ಕೊಲೆಗಾರ ಅಂದವರು ಪೊಲೀಸರು ಮಾತ್ರನಾ? ನಮ್ಮ ಮೈಕುಗಳೂ ಅಂದವು. ಬಂಧನ ಬ್ರೇಕಿಂಗ್ ನ್ಯೂಸ್. ಖುಲಾಸೆ ಕೆಳಗೆ ಓಡೋ ಒಂದು ಸಾಲು. ಈ ಮಾತು ಹೇಳೋವಾಗ ನಾನೂ ಆ ಸಾಲಿನಲ್ಲೇ ನಿಂತಿದ್ದೀನಿ.

ಇನ್ನೊಬ್ಬರ ಹೆಸರು ಮಾತ್ರ ಹೇಳ್ತೀನಿ, ಯಾಕಂದ್ರೆ ಅವರು ಅದನ್ನು ಕೇಳಿಸಿಕೊಳ್ಳಬೇಕಿತ್ತು. 1994ರ ಇಸ್ರೋ ಗೂಢಚರ್ಯೆ ಕೇಸಿನಲ್ಲಿ ನಂಬಿ ನಾರಾಯಣನ್ ಜೊತೆ ಬಂಧನಕ್ಕೊಳಗಾದವರು ಬೆಂಗಳೂರಿನ ಕೆ. ಚಂದ್ರಶೇಖರ್. ರಷ್ಯಾದ ಗ್ಲಾವ್‌ಕಾಸ್ಮೋಸ್ ಸಂಸ್ಥೆಯ ಪ್ರತಿನಿಧಿ ಆಗಿದ್ದರು. ಇಡೀ ಕೇಸೇ ಸುಳ್ಳು ಅಂತ ಸಿಬಿಐ 1996ರಲ್ಲೇ ಹೇಳಿತ್ತು. 2018ರ ಸೆಪ್ಟೆಂಬರ್ 14, ಶುಕ್ರವಾರ, ನಂಬಿ ನಾರಾಯಣನ್ ಅವರಿಗೆ 50 ಲಕ್ಷ ಕೊಡಿ ಅಂತ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ಆ ಹೊತ್ತಿಗೆ ಚಂದ್ರಶೇಖರ್ ಬೆಂಗಳೂರಿನ ಆಸ್ಪತ್ರೆಯಲ್ಲಿ ಕೋಮಾದಲ್ಲಿದ್ದರು. ಭಾನುವಾರ ತೀರಿಕೊಂಡರು.