ಅಪ್ಪಣೆ ಯಾರದು, ಸುದ್ದಿ ಯಾರದು: ಕೋಲಾರ ಸೀಮೆಯ ಮಾಧ್ಯಮ ಚರಿತ್ರೆ

1908ರಲ್ಲಿ ಮೈಸೂರು ಸಂಸ್ಥಾನ ಒಂದು ಪತ್ರಿಕಾ ಕಾನೂನು ತಂದಿತು. ದಿವಾನ್ ವಿ. ಪಿ. ಮಾಧವರಾಯರ ಕಾಲ. ಸರ್ಕಾರದ ಅಪ್ಪಣೆಯಿಲ್ಲದೆ ಯಾರೂ ಪತ್ರಿಕೆ ನಡೆಸುವಂತಿಲ್ಲ, ಕೊಟ್ಟ ಅಪ್ಪಣೆಯನ್ನು ಸರ್ಕಾರ ಬೇಕೆಂದಾಗ ಹಿಂದಕ್ಕೆ ಪಡೆಯಬಹುದು ಎಂಬುದು ಅದರ ತಿರುಳು. ‘ತಾತಯ್ಯ’ ಎಂದೇ ಹೆಸರಾದ ಎಂ. ವೆಂಕಟಕೃಷ್ಣಯ್ಯನವರು ಇದನ್ನು ಪ್ರತಿಭಟಿಸಿ ತಮ್ಮ ಪತ್ರಿಕೆಗಳನ್ನೇ ನಿಲ್ಲಿಸಿಬಿಟ್ಟರು. ಅದೇ ಹೊತ್ತಿಗೆ ಕೋಲಾರ ಸೀಮೆಯ ಮುಳಬಾಗಿಲಿನಿಂದ ಬೆಂಗಳೂರಿಗೆ ಬಂದು ಪತ್ರಿಕೋದ್ಯಮದಲ್ಲಿ ನೆಲೆ ಹುಡುಕುತ್ತಿದ್ದ ಇಪ್ಪತ್ತರ ಆಸುಪಾಸಿನ ಯುವಕನೊಬ್ಬನಿದ್ದ. ಅವನೇ ಡಿ. ವಿ. ಗುಂಡಪ್ಪ.

ಡಿವಿಜಿ ಎಂದರೆ ಇಂದಿನ ಓದುಗರಿಗೆ ಮೊದಲು ನೆನಪಾಗುವುದು ಕಗ್ಗ. ಆದರೆ ಅವರು ಅನ್ನ ದುಡಿದದ್ದು ಪತ್ರಕರ್ತರಾಗಿ. 1913ರಲ್ಲಿ ‘ಕರ್ನಾಟಕ’ ಎಂಬ ಇಂಗ್ಲಿಷ್ ಪತ್ರಿಕೆಯನ್ನು ವಾರಕ್ಕೆರಡು ಬಾರಿ ಹೊರತರತೊಡಗಿದರು. 1928ರಲ್ಲಿ ಬಾಗಲಕೋಟೆಯಲ್ಲಿ ಸೇರಿದ ಕನ್ನಡ ಪತ್ರಕರ್ತರ ಮೊದಲ ಸಮ್ಮೇಳನಕ್ಕೆ ಅಧ್ಯಕ್ಷರಾದರು. ‘ವೃತ್ತಪತ್ರಿಕೆ’ ಎಂಬ ಪುಸ್ತಕ ಬರೆದರು, ಮೈಸೂರಿನ ಶಾಸನ ಸಭೆಯಲ್ಲೂ ಕೂತರು. ರಾಜನನ್ನು ಗೌರವಿಸುತ್ತಲೇ ಅವನ ಆಡಳಿತವನ್ನು ಪ್ರಶ್ನಿಸಬಹುದು, ಪ್ರಶ್ನಿಸುವವನಿಗೆ ಓದು ಬೇಕು, ಲೆಕ್ಕ ಗೊತ್ತಿರಬೇಕು ಎಂಬುದು ಅವರ ನಡೆಯಲ್ಲೇ ಕಾಣುತ್ತದೆ. 1945ರಲ್ಲಿ ಅವರು ಕಟ್ಟಿದ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಯೂ ಇದೇ ನಂಬಿಕೆಯ ಫಲ. ಮಾಲೂರು ತಾಲ್ಲೂಕಿನ ಮಾಸ್ತಿ ವೆಂಕಟೇಶ ಅಯ್ಯಂಗಾರರು 1944ರಿಂದ ಸುಮಾರು ಎರಡು ದಶಕ ‘ಜೀವನ’ ಮಾಸಪತ್ರಿಕೆಯನ್ನು ನಡೆಸಿದರು. ಈ ಸೀಮೆ ಕನ್ನಡಕ್ಕೆ ದೊಡ್ಡ ಸಂಪಾದಕರನ್ನು ಕೊಟ್ಟಿತು, ನಿಜ. ಆದರೆ ಇಬ್ಬರ ಕಾರ್ಯಕ್ಷೇತ್ರವೂ ಬೆಂಗಳೂರು. ಊರಿನ ಸುದ್ದಿಯನ್ನು ಊರಿನಲ್ಲೇ ಹೇಳುವ ಕೆಲಸಕ್ಕೆ ಬೇರೆ ಜನ ಬೇಕಾದರು.

ಆ ಕೆಲಸದ ಒಂದು ಹಳೆಯ ಉದಾಹರಣೆ ಕನ್ನಡದಲ್ಲಿಲ್ಲ, ತಮಿಳಿನಲ್ಲಿದೆ. ಅಯೋತಿದಾಸ ಪಂಡಿತರು 1907ರಲ್ಲಿ ಮದರಾಸಿನಲ್ಲಿ ಆರಂಭಿಸಿದ ‘ಒರು ಪೈಸಾ ತಮಿಳನ್’ ವಾರಪತ್ರಿಕೆಗೆ ಕೋಲಾರದ ಚಿನ್ನದ ಗಣಿಯ ಕಾರ್ಮಿಕರಲ್ಲಿ ಓದುಗರಿದ್ದರು. 1914ರಲ್ಲಿ ಪಂಡಿತರು ತೀರಿಕೊಂಡರು. ಮುಂದೆ ನಿಂತುಹೋಗಿದ್ದ ‘ತಮಿಳನ್’ 1926ರಲ್ಲಿ ಜಿ. ಅಪ್ಪಾದುರೈ ಅವರ ಸಂಪಾದಕತ್ವದಲ್ಲಿ ಕೆಜಿಎಫ್‌ನಿಂದಲೇ ಮತ್ತೆ ಹೊರಟಿತು. ಜಾತಿಯ ಕಾರಣಕ್ಕೆ ಊರ ಹೊರಗಿದ್ದ ಜನ, ನೆಲದಡಿ ಬಂಡೆ ಒಡೆದು ದುಡಿದವರು, ಬೌದ್ಧ ಧರ್ಮವನ್ನೂ ಸ್ವಾಭಿಮಾನವನ್ನೂ ಚರ್ಚಿಸಲು ತಮ್ಮದೇ ಪತ್ರಿಕೆಯನ್ನು ಬೆಳೆಸಿಕೊಂಡರು. ಕರ್ನಾಟಕದ ಪತ್ರಿಕಾ ಚರಿತ್ರೆ ಬರೆಯುವವರು ಭಾಷೆಯ ಗೆರೆ ದಾಟಲು ಹಿಂಜರಿದು ಈ ಅಧ್ಯಾಯವನ್ನು ತಮಿಳಿನವರಿಗೆ ಬಿಟ್ಟುಕೊಡುವುದು ತರವಲ್ಲ. ಇದು ಕೋಲಾರ ಜಿಲ್ಲೆಯ ಚರಿತ್ರೆ.

ಸ್ಥಳೀಯ ಸುದ್ದಿ ಏಕೆ ಬೇಕು ಎಂಬುದನ್ನು 1938ರ ಏಪ್ರಿಲ್ 25 ತೋರಿಸಿಕೊಟ್ಟಿತು. ಆಗ ಕೋಲಾರ ಜಿಲ್ಲೆಗೆ ಸೇರಿದ್ದ ವಿದುರಾಶ್ವತ್ಥದಲ್ಲಿ ಧ್ವಜ ಸತ್ಯಾಗ್ರಹಕ್ಕೆ ನೆರೆದಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಸರ್ಕಾರದ ಲೆಕ್ಕದಲ್ಲಿ ಸತ್ತವರು 10, ಜನರ ಲೆಕ್ಕದಲ್ಲಿ 32. ಸಂಸ್ಥಾನದ ಗಡಿ ದಾಟಿ ಸುದ್ದಿ ಹಬ್ಬಿದ ಮೇಲೆ ಸರ್ದಾರ್ ಪಟೇಲ್ ಮತ್ತು ಆಚಾರ್ಯ ಕೃಪಲಾನಿ ಮೈಸೂರಿಗೆ ಬಂದರು, ದಿವಾನ್ ಮಿರ್ಜಾ ಇಸ್ಮಾಯಿಲರೊಂದಿಗೆ ಒಪ್ಪಂದವಾಯಿತು. ಆದರೆ 10 ಮತ್ತು 32ರ ನಡುವಿನ ಅಂತರ ಇಂದಿಗೂ ಹಾಗೆಯೇ ಉಳಿದಿದೆ. ಆ ದಿನ ಆ ಜಾಗದಲ್ಲಿ ನಿಂತು ಹೆಸರು ಹಿಡಿದು ಬರೆದುಕೊಳ್ಳುವ, ಬರೆದದ್ದನ್ನು ಹೆದರದೆ ಅಚ್ಚು ಹಾಕುವ ವ್ಯವಸ್ಥೆಯಿದ್ದರೆ ಈ ಅಂತರ ಇಷ್ಟು ಕಾಲ ಬಾಳುತ್ತಿರಲಿಲ್ಲ.

ಸ್ವಾತಂತ್ರ್ಯದ ನಂತರ ಅಚ್ಚುಮೊಳೆಯ ಸಣ್ಣ ಪತ್ರಿಕೆಗಳು ಜಿಲ್ಲಾ ಕೇಂದ್ರಗಳಲ್ಲಿ ಹುಟ್ಟಿದವು, ರಾಜ್ಯಮಟ್ಟದ ದಿನಪತ್ರಿಕೆಗಳು ಬರಬರುತ್ತ ಜಿಲ್ಲೆಗೊಂದು ಪುಟ ತೆರೆದವು. ಶ್ರೀನಿವಾಸಪುರದ ಕೆರೆ ಒತ್ತುವರಿಗೂ ಮಾಲೂರಿನ ರಸ್ತೆಗುಂಡಿಗೂ ಅಲ್ಲಿ ಜಾಗ ಸಿಕ್ಕಿತು. ಆದರೆ ಕೋಲಾರದ ಪುಟ ಕೋಲಾರದವರಿಗಷ್ಟೇ. ತುಮಕೂರಿನವರು ಅದನ್ನು ಕಾಣುವುದಿಲ್ಲ, ವಿಧಾನಸೌಧದವರು ಕಂಡರೂ ಓದಬೇಕೆಂದಿಲ್ಲ. ಜಿಲ್ಲೆಯ ನೋವು ರಾಜ್ಯದ ಸುದ್ದಿಯಾಗಬೇಕಾದರೆ ಅದು ಘೋರವೇ ಆಗಬೇಕೇನೋ. 2000ದ ಮಾರ್ಚ್ 11ರಂದು, ಆಗ ಇದೇ ಜಿಲ್ಲೆಯಲ್ಲಿದ್ದ ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿಯಲ್ಲಿ ಏಳು ದಲಿತರನ್ನು ಜೀವಂತ ಸುಟ್ಟಾಗ ದೇಶವೇ ತಿರುಗಿ ನೋಡಿತು. ಆರೋಪಿಗಳೆಲ್ಲ ಖುಲಾಸೆಯಾದರು, 2014ರಲ್ಲಿ ಹೈಕೋರ್ಟ್ ಕೂಡ ಅದನ್ನೇ ಎತ್ತಿಹಿಡಿಯಿತು.

2001 ಈ ಚರಿತ್ರೆಯ ತಿರುವು. ಆ ವರ್ಷದ ಫೆಬ್ರವರಿ ಕೊನೆಗೆ ಕೆಜಿಎಫ್ ಗಣಿ ಮುಚ್ಚಿತು. ಅದೇ ವರ್ಷ, ಬಂಗಾರಪೇಟೆ ತಾಲ್ಲೂಕಿನ ಬೂದಿಕೋಟೆಯಲ್ಲಿ ‘ನಮ್ಮ ಧ್ವನಿ’ ಎಂಬ ಸಮುದಾಯ ಬಾನುಲಿ ಕೇಳತೊಡಗಿತು. ಮೈರಾಡ ಸಂಸ್ಥೆ ಆ ಭಾಗದಲ್ಲಿ ಅಷ್ಟರಲ್ಲಾಗಲೇ ಮಹಿಳಾ ಸ್ವಸಹಾಯ ಸಂಘಗಳನ್ನು ಕಟ್ಟಿತ್ತು. ಬೆಂಗಳೂರಿನ ವಾಯ್ಸಸ್ ಸಂಸ್ಥೆ ತರಬೇತಿ ಕೊಟ್ಟಿತು, ಯುನೆಸ್ಕೋ ನೆರವು ಬಂತು. ಊರಿನಲ್ಲೇ ಒಂದು ಧ್ವನಿಮುದ್ರಣ ಕೋಣೆ ಎದ್ದಿತು. ಗಾಳಿಯಲೆಯಲ್ಲಿ ಪ್ರಸಾರ ಮಾಡಲು ಹಳ್ಳಿಗರಿಗೆ ಆಗ ಪರವಾನಗಿ ಸಿಗುತ್ತಿರಲಿಲ್ಲ. ಗಾಳಿಯಲೆ ಸಾರ್ವಜನಿಕರ ಸ್ವತ್ತು ಎಂದು ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿದ್ದರೂ ಕಾನೂನು ಬದಲಾಗಿರಲಿಲ್ಲ. ಬೂದಿಕೋಟೆಯವರು ದಾರಿ ಹುಡುಕಿದರು: ಮನೆಮನೆಗೆ ಟಿವಿ ತಂದಿದ್ದ ಕೇಬಲ್ ತಂತಿಯಲ್ಲೇ ತಮ್ಮ ದನಿಯನ್ನೂ ಹರಿಸಿದರು. ಧ್ವನಿಸುರುಳಿಗಳನ್ನು ಸಂಘದ ಸಭೆಗಳಲ್ಲಿ ಹಾಕಿ ಕೇಳಿಸಿದರು. ಬೇಸಾಯ, ಆರೋಗ್ಯ, ಪಂಚಾಯ್ತಿಯ ಯೋಜನೆ, ಊರಿನ ಹಾಡು ಎಲ್ಲವೂ ಅದರಲ್ಲಿದ್ದವು. ಆಕಾಶವಾಣಿಯಲ್ಲಿ ಕೃಷಿ ವಿಜ್ಞಾನಿ ಮಾತಾಡುತ್ತಾರೆ, ರೈತ ಕೇಳುತ್ತಾನೆ. ಇಲ್ಲಿ ಸಂಘದ ಹೆಣ್ಣುಮಗಳೇ ಮೈಕು ಹಿಡಿದು ಪಕ್ಕದ ಮನೆಯವಳನ್ನು ಮಾತಾಡಿಸಿದಳು.

ಇಂಥ ಪ್ರಯೋಗಗಳ ಒತ್ತಾಯ ಫಲಿಸಿ 2006ರ ನವೆಂಬರ್‌ನಲ್ಲಿ ಕೇಂದ್ರ ಸರ್ಕಾರ ಸ್ವಯಂಸೇವಾ ಸಂಸ್ಥೆಗಳಿಗೂ ಸಮುದಾಯ ಬಾನುಲಿಯ ಪರವಾನಗಿ ಕೊಡಲು ಒಪ್ಪಿತು. ಜೊತೆಗೊಂದು ಕಟ್ಟಳೆ ಬಂತು: ಸುದ್ದಿ ಮತ್ತು ಪ್ರಚಲಿತ ವಿದ್ಯಮಾನ ಹೇಳುವಂತಿಲ್ಲ, ರಾಜಕೀಯ ಕೂಡದು. ಜೋಳ ಬಿತ್ತುವುದು ಹೇಗೆಂದು ಹೇಳಬಹುದು, ಬಿತ್ತನೆ ಬೀಜದ ಹಂಚಿಕೆಯಲ್ಲಿ ಯಾರು ನುಂಗಿದರೆಂದು ವರದಿ ಮಾಡಲಾಗದು. 1908ರ ಅಪ್ಪಣೆಯ ಕಾನೂನಿಗೂ ಇದಕ್ಕೂ ಹತ್ತಿರ ಹತ್ತಿರ ನೂರು ವರ್ಷದ ಅಂತರವಿದೆ, ಆಡಳಿತದ ಮನೋಭಾವದಲ್ಲಿ ಮಾತ್ರ ಅಷ್ಟು ಅಂತರ ಕಾಣುವುದಿಲ್ಲ.

ಸುದ್ದಿ ಎಷ್ಟು ಬೇಕೆಂಬುದಕ್ಕೆ ನೀರಿನ ಪ್ರಶ್ನೆಯೊಂದೇ ಸಾಕು. ವರ್ಷಪೂರ್ತಿ ಹರಿಯುವ ಹೊಳೆಯಿಲ್ಲದ ಜಿಲ್ಲೆಗೆ ಬೆಂಗಳೂರಿನ ಕೊಳಚೆ ನೀರನ್ನು ಸಂಸ್ಕರಿಸಿ, ದಿನಕ್ಕೆ 440 ದಶಲಕ್ಷ ಲೀಟರ್‌ನಂತೆ 126 ಕೆರೆಗಳಿಗೆ ತುಂಬುವುದು ಕೆ. ಸಿ. ವ್ಯಾಲಿ ಯೋಜನೆ. 2018ರ ಜೂನ್‌ನಲ್ಲಿ ಲಕ್ಷ್ಮೀಸಾಗರ ಕೆರೆಗೆ ನೀರು ಬಂದಾಗ ಜನ ಸಂಭ್ರಮಪಟ್ಟರು. ಮರುತಿಂಗಳೇ ನೊರೆ ಎದ್ದಿತು. ಚಿತ್ರಗಳು ಮೊಬೈಲಿನಿಂದ ಮೊಬೈಲಿಗೆ, ಅಲ್ಲಿಂದ ಟಿವಿಗೆ ಹೋದವು. ಜುಲೈನಲ್ಲಿ ಹೈಕೋರ್ಟ್ ತಡೆ ಕೊಟ್ಟಿತು, 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಮತ್ತೆ ತಡೆಯಿತು, ಕೊನೆಗೆ ನೀರು ಹರಿಯಿತು. ನೊರೆ ಕಂಡ ದಿನ ಎಲ್ಲರೂ ಬಂದರು. ಆ ನೀರಿನಲ್ಲಿ ಬೆಳೆದ ಸೊಪ್ಪಿನಲ್ಲಿ ಏನಿದೆ, ಕೊಳವೆಬಾವಿಗೆ ಏನು ಇಳಿಯುತ್ತಿದೆ, ಮೂರನೆಯ ಹಂತದ ಸಂಸ್ಕರಣೆ ಯಾವಾಗ ಎಂದು ವರ್ಷ ವರ್ಷ ಬೆನ್ನುಹತ್ತಿ ಕೇಳಬೇಕಾದವನು ತಾಲ್ಲೂಕಿನ ವರದಿಗಾರ. ಅವನ ಪತ್ರಿಕೆ ಉಸಿರಾಡುವುದು ಬಹುಪಾಲು ಸರ್ಕಾರಿ ಜಾಹೀರಾತಿನಿಂದ. ಈಗ ಅಪ್ಪಣೆಯ ಚೀಟಿ ಯಾರೂ ಕೇಳುವುದಿಲ್ಲ, ಜಾಹೀರಾತು ನಿಂತರೆ ಸಾಕು.

2025ರ ಜೂನ್‌ನಲ್ಲಿ ಚಿತ್ತೂರು ಜಿಲ್ಲಾಡಳಿತ ಕರ್ನಾಟಕದ ತೋತಾಪುರಿ ಮಾವು ಒಳಬರದಂತೆ ಗಡಿಯಲ್ಲಿ ತಡೆದಾಗ ಶ್ರೀನಿವಾಸಪುರ ಬಂದ್ ಆಯಿತು, ಮುಖ್ಯಮಂತ್ರಿ ಆಂಧ್ರಕ್ಕೆ ಪತ್ರ ಬರೆದರು, ಕೇಂದ್ರ ಸರ್ಕಾರ ಬೆಲೆ ವ್ಯತ್ಯಾಸ ಪಾವತಿಗೆ ಒಪ್ಪಿತು. ಬೆಂಗಳೂರಿನ ಟಿವಿಗಳಿಗೆ ಇದು ಎರಡು ರಾಜ್ಯಗಳ ಜಗಳ. ಮಂಡಿಯ ಮುಂದೆ ಲೋಡು ನಿಲ್ಲಿಸಿಕೊಂಡ ರೈತನಿಗೆ ಬೇಕಾದದ್ದು ಇವತ್ತಿನ ರೇಟು, ತೆರೆದಿರುವ ಚೆಕ್‌ಪೋಸ್ಟಿನ ಹೆಸರು, ಪರಿಹಾರಕ್ಕೆ ನೋಂದಣಿ ಎಲ್ಲಿ ಎಂಬ ವಿವರ. ಇದನ್ನು ಅವನ ಮಾತಿನಲ್ಲೇ, ಅವನ ಊರಿನಿಂದಲೇ ಹೇಳಬಲ್ಲ ಸಮುದಾಯ ಬಾನುಲಿಗೆ ಆ ದಿನವೂ ತನ್ನದೇ ಸುದ್ದಿ ಓದುವ ಹಕ್ಕಿರಲಿಲ್ಲ.